ಹಿಂದಿನೆರಡು

ಪೇಪರಿನವರು ಬಂದರೆ ಅವಳು ಕಪ್‌ಗಳನ್ನು ತೋರಿಸುತ್ತಾಳೆ,
ನನ್ನನ್ನು ಕೇಳಿದರೆ ನಾನು ಬಾಕಿ ಪುಸ್ತಕ ತೆಗೆಯುತ್ತೇನೆ:
ಹದಿಮೂರು ವರ್ಷ, ಆರುನೂರ ಹತ್ತು ಟೈರು,
ಎಲ್ಲವೂ ಹಿಂದಿನೆರಡು.
ಮುಂದಿನವು ಮದುಮಗನ ಚಪ್ಪಲಿಯ ಹಾಗೆ
ಹೊಸದಾಗಿಯೇ ಉಳಿಯುತ್ತವೆ ಈ ಆಟದಲ್ಲಿ.

ಮಲ್ಲಂದೂರು ರಸ್ತೆಯಲ್ಲಿ ನನ್ನದೊಂದು ಅಂಗಡಿ,
ಕಂಪ್ರೆಸರ್, ಜ್ಯಾಕು, ಪಂಕ್ಚರಿನ ಗುಳ್ಳೆ ನೋಡಲು ಒಂದು ತೊಟ್ಟಿ.
ಜೆಸಿಂತ, ಪಲ್ಪರ್ ಮನೆಯ ಲಿಗೋರಿಯ ಮಗಳು,
ಮೊದಲು ಬಂದದ್ದು ಎಸ್ಟೇಟಿನ ಪಿಕಪ್ಪಿನಲ್ಲಿ.
ಟೈರಿನ ನೂಲು ಹೊರಗೆ ಬಂದಿತ್ತು.
"ಏನಮ್ಮ, ಬ್ರೇಕು ಹಾಕಿಕೊಂಡೇ ಘಾಟಿ ಇಳಿದೆಯಾ?"
ನಗಲಿಲ್ಲ ಹುಡುಗಿ.
ಆಮೇಲೆ ತಿಳಿಯಿತು:
ಮೂಟೆಗಳೆಲ್ಲ ಕ್ಯೂರಿಂಗಿಗೆ ಹೋದ ಮೇಲೆ,
ಏಪ್ರಿಲಿನ ಖಾಲಿ ಕಾಫಿ ಕಣದಲ್ಲಿ
ಪಿಕಪ್ಪನ್ನು ಬುಗುರಿ ಮಾಡಿದ್ದಾಳೆ.
ರೈಟರು ಬೆಳಿಗ್ಗೆ ಬಂದು ನೋಡಿದರೆ
ಸಿಮೆಂಟಿನ ತುಂಬ ಕರೀ ಬಳೆಗಳು.
ತೊಳೆದರೆ ಹೋಗಲಿಲ್ಲ.
ಲಿಗೋರಿಯ ಸಂಬಳದಲ್ಲಿ ಹೋಯಿತು.

ಇದೆಂಥ ರೇಸು, ಮೊದಲು ಬಂದವರನ್ನು ಕೇಳುವವರೇ ಇಲ್ಲ?
ಗಾಡಿ ಎಷ್ಟು ಅಡ್ಡವಾಯಿತು, ಗೋಡೆಗೆ ಎಷ್ಟು ಹತ್ತಿರ ಹೋಯಿತು,
ಹೊಗೆ ಎಷ್ಟು ಎದ್ದಿತು, ಇದಕ್ಕಂತೆ ಅಂಕ.
ಬಲಕ್ಕೆ ತಿರುವು, ಸ್ಟಿಯರಿಂಗು ಎಡಕ್ಕೆ.
ದಾರಿ ಕಾಣುವುದು ಮುಂದಿನ ಗಾಜಿನಲ್ಲಲ್ಲ, ಪಕ್ಕದ ಕಿಟಕಿಯಲ್ಲಿ.
ನನ್ನ ಆಯುಷ್ಯವೆಲ್ಲ ಸವೆದದ್ದು
ಟೈರು ಜಾರದಿರಲಿ ಎಂದು.
ಇವಳು ತೊಟ್ಟಿಯ ಅಂಚಿನಲ್ಲಿ ಕೂತು ಹೇಳುತ್ತಾಳೆ:
"ಬಾವಾಕ, ಜಾರುವುದು ಎಲ್ಲರಿಗೂ ಬರುತ್ತದೆ.
ಜಾರುತ್ತಲೇ ಇರುವುದು ಕಷ್ಟ."

ಕೊಯಮತ್ತೂರಿನಲ್ಲಿ ಮೂರನೆಯವಳು.
ಚೆನ್ನೈನಲ್ಲಿ ಗೋಡೆ.
ಮರುವರ್ಷ ಅದೇ ಗೋಡೆಗೆ ಒಂದು ಗೇಣು ಬಿಟ್ಟು ಮೊದಲನೆಯವಳು.
ಒಂದು ಬ್ಯಾಟರಿ ಕಂಪನಿ ಬಾನೆಟ್ಟಿನ ತುಂಬ ಹೆಸರು ಅಂಟಿಸಿತು,
ಎರಡು ಸೀಸನ್ನಿಗೆ ಕೈ ಎತ್ತಿತು.
ಸ್ಟಿಕ್ಕರು ಕಿತ್ತ ಮೇಲೂ ಹೆಸರು ಓದಲು ಬರುತ್ತಿತ್ತು,
ಅಷ್ಟು ಜಾಗದಲ್ಲಿ ಮಾತ್ರ ಬಣ್ಣ ಮಾಸಿರಲಿಲ್ಲ.
ಆ ವರ್ಷ ಪುಸ್ತಕದಲ್ಲಿ ನಾಲ್ಕು ಪುಟ, ಬರೀ ಅವಳದೇ ಬಾಕಿ.
ನನ್ನ ಹೆಂಡತಿ ಪುಟ ಎಣಿಸಿದಳು, ಮಾತಾಡಲಿಲ್ಲ,
ಮೂರು ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಸಿನಿಮಾದವರು ಕರೆದದ್ದು ಆಗಲೇ.
ಹೀರೋನ ಜಾಕೆಟ್ಟು ಹಾಕಿಸಿ, ಮೀಸೆ ಅಂಟಿಸಿ,
ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ನಾಲ್ಕು ದಿನ.
ಟಾಕೀಸಿನಲ್ಲಿ ಶಿಳ್ಳೆ ಬಿದ್ದದ್ದು ಮೀಸೆಗೆ.
ನಾನೊಬ್ಬ ಎದ್ದು ನಿಂತೆ:
ತೆರೆಯ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ,
ಟೈರಿನ ಪಕ್ಕೆಗೆ ನಾನು ಚಾಕಿನಲ್ಲಿ ಬರೆದ ನಂಬರು.
ಹಿಂದಿನವರು ಕೂಗಿದರು, "ತಾತಾ, ಕೂತ್ಕೊಳ್ಳಿ!"
ದುಡ್ಡು ಬಂದ ದಿನವೇ ನಾಲ್ಕೂ ಪುಟಕ್ಕೆ ಅಡ್ಡಗೆರೆ ಎಳೆಸಿದಳು.

ಹೋದ ವರ್ಷ ಮಣಿಕಟ್ಟು ಮುರಿಯಿತು.
ಗುದ್ದಿದ ಏಟಿಗೆ ಚಕ್ರ ತಾನಾಗಿ ತಿರುಗಿ ಕೈ ತಿರುಚಿತಂತೆ.
ಡಾಕ್ಟರು ಏನಂದರು, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಮೊನ್ನೆ ಬಂದಳು. ಎರಡೇ ಟೈರು.
"ಅಂಗಡಿ ಮುಚ್ಚು ಬಾವಾಕ, ಹತ್ತು ನಿಮಿಷ."

ಅದೇ ಕಣ. ಈಗ ಸಾಹುಕಾರರೇ ಕೀಲಿ ಕೊಡುತ್ತಾರೆ.
ಎಡಗಡೆ ಸೀಟು, ಎದೆಗೆ ನಾಲ್ಕು ಪಟ್ಟಿ.
ಅವಳು ಗೇರು ಹಾಕುವಾಗ ಹಲ್ಲು ಕಚ್ಚಿದ್ದು ಕಂಡೆ.
ಆಮೇಲೆ ಕೈಬ್ರೇಕು,
ಆಮೇಲೆ ಗಾಡಿಗೆ ಹಿಂದು ಮುಂದು ಇರಲಿಲ್ಲ.
ಪಕ್ಕದ ಕಿಟಕಿಯಲ್ಲಿ ಮುಳ್ಳಯ್ಯನಗಿರಿ
ಮೂರು ಸಲ ಅಡ್ಡಡ್ಡ ಹಾದುಹೋಯಿತು,
ಅದರ ಹಿಂದೆ ಸಿಲ್ವರ್ ಮರಗಳು, ನೀರಿನ ಟ್ಯಾಂಕು, ಯಾರದೋ ಕೆಂಪು ಬಕೆಟ್ಟು.
ನಲವತ್ತು ವರ್ಷ ನಾನು ಮುಟ್ಟಿದ ರಬ್ಬರು
ನನ್ನ ಬೆನ್ನ ಕೆಳಗೆ ನೆಲವನ್ನು ಬಿಡುತ್ತಾ ಹಿಡಿಯುತ್ತಾ, ಬಿಡುತ್ತಾ.

ಇಳಿದಾಗ ಮೊಣಕಾಲು ನನ್ನದಾಗಿರಲಿಲ್ಲ.
ಅವಳು ಮಣಿಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಕೇಳಿದಳು:
"ಎಷ್ಟು ಅಂಕ?"
ಬಾಯಿ ಒಣಗಿತ್ತು. ಬೂದಿಯಂಥ ರಬ್ಬರು ಗಡ್ಡದಲ್ಲಿ.

ರಾತ್ರಿ ಪುಸ್ತಕ ತೆಗೆದು
ಆ ಎರಡು ಟೈರನ್ನು
ನನ್ನ ಹೆಸರಿಗೆ ಬರೆದುಕೊಂಡೆ.