ನಡಾವಳಿಯಲ್ಲಿ ಬರೆಯದ್ದು

ಸುತ್ತಿಗೆ ಹೋದ ವರ್ಷವೇ ಕಳೆದುಹೋಗಿತ್ತು.
ಮೇಜಿನ ಮೇಲಿದ್ದ ಸ್ಟೇಪ್ಲರನ್ನೇ ಎರಡು ಸಲ ಕುಟ್ಟಿ
ತೆಕರಿಕಾ ಅಂದಳು: ಸಭೆ ಶುರುವಾಯಿತು.

ಸುವಾದ ಹಾಸ್ಟೆಲು, ಊಟದ ಕೋಣೆ.
ಹುರಿದ ಮೀನಿನ ವಾಸನೆ ಇನ್ನೂ ಪರದೆ ಬಿಟ್ಟಿರಲಿಲ್ಲ.
ಎಂಟು ದ್ವೀಪದೇಶಗಳ ಮೂವತ್ತೊಂಬತ್ತು ಜನ.
ನಾನು ಕಾರ್ಯದರ್ಶಿ,
ಬಾಯಿಗಿಂತ ಕೈಗೆ ಕೆಲಸ.

ಖಜಾನೆಯಲ್ಲಿದ್ದದ್ದು ಸಾವಿರದ ಇನ್ನೂರು ಡಾಲರು.
ಬಟ್ಟೆ ಒಗೆಯುವ ಯಂತ್ರಕ್ಕೆಂದು
ಎಲ್ಲರ ಮನಸ್ಸಿನಲ್ಲಿತ್ತು, ಯಾವ ಕಾಗದದಲ್ಲೂ ಇರಲಿಲ್ಲ.
ಅಷ್ಟರಲ್ಲಿ ತಾರಾವಾದಲ್ಲಿ
ಬಾರಾನಿಕೋನ ಅಜ್ಜಿ ತೀರಿಕೊಂಡಳು.
ಗೊತ್ತುವಳಿ: ಆ ಹಣ ಅವನ ವಿಮಾನಕ್ಕೆ.
ತನ್ನ ವಿಷಯಕ್ಕೆ ತಾನೇ ಕೈ ಎತ್ತಬಾರದೆಂದು
ಅವನು ಎದ್ದು ಹೊರಗೆ ಹೋದ.
ಕಿಟಕಿಯಾಚೆ ಅವನ ಬೆನ್ನು ಕಾಣುತ್ತಿತ್ತು.

ಒಬ್ಬರು ಪರ, ಆಮೇಲೆ ಒಬ್ಬರು ವಿರುದ್ಧ,
ಎರಡೆರಡೇ ನಿಮಿಷ. ಗೆಳತಿಯ ಮಾತನ್ನೂ
ಅರ್ಧಕ್ಕೇ ಕುಟ್ಟಿ ನಿಲ್ಲಿಸಿದಳು ತೆಕರಿಕಾ.
ಲೊಸಾಲಿನಿ ಪಕ್ಕದವನ ಮೇಲೆ ಎಗರಿದಾಗ
‘ನನ್ನ ಕಡೆ ನೋಡಿ ಮಾತಾಡು’ ಅಂದಳು, ಅಷ್ಟೇ.
ಹವಳದ ಬಂಡೆಸಾಲು ದಾಟಿ ಬಂದ ಅಲೆ
ಒಳಗಿನ ನೀರಲ್ಲಿ ಮೊಣಕಾಲುದ್ದ ಆಗುವ ಹಾಗೆ
ಸಿಟ್ಟು ಅವಳ ಕುರ್ಚಿಯನ್ನು ಹಾದು
ಪಕ್ಕದವನನ್ನು ತಲುಪಿತು.

ಉಪಾಧ್ಯಕ್ಷ ಸೆಮಿಸಿ, ತುವಾಲುವಿನವನು, ಎದ್ದ:
‘ಒಂದು ಸಾವಿಗೆ ಕೊಟ್ಟರೆ
ಮುಂದಿನ ಯಾವ ಸಾವಿಗೆ ಇಲ್ಲ ಅನ್ನುತ್ತೀರಿ?
ನನ್ನ ತಾತ ಸತ್ತಾಗ ನಾನು ಫೋನಿನಲ್ಲೇ ಅತ್ತೆ.’
ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಆಗ ಅವಳು ನಿಂತಳು.
‘ಈ ವಿಷಯದಲ್ಲಿ ನನ್ನ ಮಾತೊಂದಿದೆ. ಕುರ್ಚಿ ಬಿಡುತ್ತೇನೆ.’
ಸ್ಟೇಪ್ಲರನ್ನು ಸೆಮಿಸಿಯ ಕೈಗಿಟ್ಟು
ಮೂರನೆಯ ಸಾಲಿಗೆ ಇಳಿದು, ಕೂತು,
ಎಲ್ಲರಂತೆ ಕೈ ಎತ್ತಿ ಕಾದಳು.
‘ಹೇಳಿ, ತೆಕರಿಕಾ’ ಅಂದ ಅವನು,
ಅವಳಿಗೆ ಮೊದಲ ಸಲ ಬಹುವಚನ ಹಚ್ಚಿ.

‘ಆ ಅಜ್ಜಿ ನನ್ನ ಓಣಿಯವಳು.
ಚಾಪೆ ಹೆಣೆಯಲು ಕಲಿಸುತ್ತಿದ್ದಳು.
ಅಂಚು ಕಟ್ಟುವುದು ಹೇಗೆಂದು ಹೇಳಿಕೊಡುವಷ್ಟರಲ್ಲಿ
ನಾನು ಇಲ್ಲಿಗೆ ಬಂದೆ.’
ನಿಮಿಷ ಇನ್ನೂ ಒಂದೂವರೆ ಉಳಿದಿತ್ತು.

‘ಕ್ರಿಯಾಲೋಪ!’ ಲೊಸಾಲಿನಿ.
‘ಲೆಕ್ಕ ಹಾಕಿಯೇ ಇಳಿದಿದ್ದಾಳೆ.
ಅವಳಿಗೊಂದು ಮತ ಬಂತು, ಅವನದೊಂದು ಹೋಯಿತು!’
ಕುರ್ಚಿಯಲ್ಲಿದ್ದವರಿಗೆ ಸಮಸಮ ಆದಾಗ ಮಾತ್ರ ಮತ,
ಅದು ನಮ್ಮ ಒಂಬತ್ತನೇ ನಿಯಮ.
ನಾನೂ ಅಷ್ಟೊತ್ತಿಗೆ ಎಣಿಸಿ ಮುಗಿಸಿದ್ದೆ,
ಕಾರ್ಯದರ್ಶಿಯ ಚಾಳಿ.

ಸೆಮಿಸಿ ಜೆರಾಕ್ಸ್ ಹಾಳೆ ತಿರುವಿದ.
ಮುಂದಕ್ಕೆ, ಮತ್ತೆ ಹಿಂದಕ್ಕೆ.
ಬೆರಳು ಒಂದು ಸಾಲಿನ ಮೇಲೆ ನಿಂತಿತು,
ಆ ಸಾಲು ಬೇರೆ ಏನನ್ನಾದರೂ ಹೇಳೀತೇ ಎಂದು
ಕಾಯುವವನಂತೆ.
ಫ್ಯಾನು ತಿರುಗುತ್ತಿತ್ತು.
‘ಕ್ರಿಯಾಲೋಪ ಇಲ್ಲ’ ಅಂದ.

ಪರ: ಹತ್ತೊಂಬತ್ತು.
ವಿರುದ್ಧ: ಕೈಗಳು ಎದ್ದವು.
ಸೆಮಿಸಿಯ ಬಲಗೈಯೂ ಭುಜದ ತನಕ ಎದ್ದು,
ನೆನಪಾಗಿ, ಕಿವಿ ಕೆರೆದುಕೊಂಡು,
ಸ್ಟೇಪ್ಲರ್ ಹಿಡಿಯಿತು.
ಹದಿನೆಂಟು.
(ಅದರಲ್ಲೊಂದು ನನ್ನದು.
ನನಗಿದ್ದದ್ದು ಎರಡೇ ಅಂಗಿ.)

‘ಗೊತ್ತುವಳಿ ಅಂಗೀಕಾರವಾಗಿದೆ.’
ಸೋತವನು ತನ್ನ ಸೋಲನ್ನು ತಾನೇ ಸಾರಿದ,
ಹೊರಗಿನ ಬೆನ್ನಿಗೂ ಕೇಳುವಷ್ಟು ಗಟ್ಟಿಯಾಗಿ.

ಅವಳು ಮತ್ತೆ ಕುರ್ಚಿಗೆ ಬಂದಳು.
‘ಮುಂದಿನ ವಿಷಯ: ಬಟ್ಟೆ ಒಗೆಯುವ ಯಂತ್ರ.’
ಯಾರೋ ಕಿಸಕ್ಕೆಂದರು.
ಮುಂದಿನ ಸಭೆಗೆ ಮುಂದೂಡಲಾಯಿತು.

ಆಮೇಲೆ ಮೆಟ್ಟಿಲ ಮೇಲೆ ಕೇಳಿಯೇಬಿಟ್ಟೆ:
ನಿಜ ಹೇಳು, ಎಣಿಸಿದ್ದೆಯಾ?
‘ಎಣಿಸದೆ ಇರಲು ಅಧ್ಯಕ್ಷೆಗೆ ಆಗುತ್ತದಾ?’ ಅಂದು
ಚಪ್ಪಲಿ ಹುಡುಕತೊಡಗಿದಳು.

ನಡಾವಳಿಯಲ್ಲಿ ಮೂರೇ ಸಾಲು:
ಏನಾಯಿತು ಎಂಬುದು,
ಯಾರು ಏನಂದರು ಎಂಬುದಲ್ಲ.
ಅರ್ಧ ಎದ್ದ ಕೈಗೆ ಅದರಲ್ಲಿ ಜಾಗವಿಲ್ಲ.

ಮುಂದಿನ ತಿಂಗಳು ಓದಿ ಹೇಳಿದೆ.
ತಿದ್ದುಪಡಿ ಇದೆಯೇ? ತೆಕರಿಕಾ ಕೇಳಿದಳು.
‘ಒಂದಿದೆ’ ಅಂತ ಸೆಮಿಸಿ ಎದ್ದ.
ಕೋಣೆ ಉಸಿರು ಹಿಡಿಯಿತು.
‘ನನ್ನ ಹೆಸರಲ್ಲಿ ಒಂದು ಅಕ್ಷರ ತಪ್ಪಿದೆ.’

ತಿದ್ದಿದೆ.