ಸಾಲು ೨೧೨

ಲಿಯೆಪಾಯಾ ಬಂದರಿನ ಕ್ರೇನುಗಳ ತೂಕದ ಲೆಕ್ಕ.
ಒಂದೇ ಯಂತ್ರ, ಒಂದೇ ಫೈಲು, ಕುರ್ಚಿ ಮಾತ್ರ ಎರಡು.

ತಾಲಿವಾಲ್ಡಿಸ್‌ಗೆ ಕಪ್ಪು ಪರದೆಯೇ ಆಗಬೇಕು,
ಇಪ್ಪತ್ತೆಂಟು ವರ್ಷ ಮೌಸ್ ಮುಟ್ಟದ ಕೈ.
ಅಗ್ನೇಸೆಗೆ ಬಣ್ಣಬಣ್ಣದ ಹೊಸ ಎಡಿಟರು.
ಎಲ್ಲಿದೆ ತಪ್ಪು? ಕೆಳಗೆ. ಎಲ್ಲಿ? ಅಯ್ಯೋ, ಇನ್ನೂ ಕೆಳಗೆ!
ಹೀಗೇ ಒಂದು ಚಳಿಗಾಲ ಸಂದಿತು.

ಕೊನೆಗವಳು ಒಂದು ಎಕ್ಸ್‌ಟೆನ್ಷನ್ ಬರೆದಳು, ನಲವತ್ತೇ ಸಾಲು.
ಕೀಲಿ ಒತ್ತಿದಳು. ಫೈಲು ಅವನ ಕತ್ತಲಲ್ಲಿ ತೆರೆಯಿತು,
ಇನ್ನೂರ ಹನ್ನೆರಡನೇ ಸಾಲಿನ
ಅದೇ ಅಕ್ಷರದ ಮೇಲೆ
ಕರ್ಸರ್ ಕಣ್ಣು ಮಿಟುಕಿಸಿತು.

ಅವನೇನೂ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡ.
ಮೂರಕ್ಷರ ಅಳಿಸಿದ. ಉಳಿಸಿದ.

ಅವಳ ಕಿಟಕಿ ಕೇಳಿತು:
ಹೊರಗಿನವರು ಯಾರೋ ಫೈಲು ತಿದ್ದಿದ್ದಾರೆ, ಮತ್ತೆ ಓದಲೇ?

ಹೊರಗಿನವರಲ್ಲ, ಎಂದು ಗೊಣಗಿ
ಹೂಂ ಒತ್ತಿದಳು.