ತದಡಿಯಲ್ಲಿ ಅರ್ಥ್ ಹುಡುಕಿದ್ದು

ಮೂರನೇ ಸಲ ಬಂದಿದ್ದೇನೆ ಕುಮಟೆಯಿಂದ.
ಅದೇ ಬಸ್ಸು, ಅದೇ ಚೀಲ, ತುದಿ ಸವೆದ ಅದೇ ಸ್ಕ್ರೂಡ್ರೈವರ್.
ಮೀನುಗಾರರ ಸಂಘದ ಕಂಪ್ಯೂಟರು
ಮತ್ತೆ ಮಲಗಿದೆ.

"ನಿಮ್ಮ ಎದುರಿಗೆ ಸರಿಯಾಗೇ ಇರ್ತದೆ," ಅಂತಾಳೆ ನಾಗವೇಣಿ ಅಂಬಿಗ,
"ನೀವು ಬಸ್ ಹತ್ತಿದ್ದೇ ತಡ, ನೀಲಿ ಪರದೆ."
ಡೀಸೆಲ್ ರಿಯಾಯಿತಿಯ ಪಟ್ಟಿ ಒಳಗೆ ಸಿಕ್ಕಿಬಿದ್ದಿದೆ,
ನಲವತ್ತೇಳು ದೋಣಿಯ ಹೆಸರು,
ನಾಳೆ ಸಂಜೆಯೊಳಗೆ ಕಾರವಾರ ಮುಟ್ಟಬೇಕು.

ಬಟನ್ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ
ಏನೋ ಮರೆತು ಬಂದವರ ಹಾಗೆ
ನಿಂತಿತು.

ಮೊದಲ ಸಲ ನಾನು ಬೈದದ್ದು ಗಾಳಿಯನ್ನು.
ಅಘನಾಶಿನಿಯ ಅಳಿವೆ ಕಿಟಕಿಯಲ್ಲೇ ಇದೆ,
ಉಪ್ಪುಗಾಳಿ ರ‍್ಯಾಮಿನ ಹಲ್ಲಿಗೆ ಪಾಚಿ ಕಟ್ಟಿಸಿತ್ತು.
ನಾಗವೇಣಿಯ ಮಗನ ಕಂಪಾಸು ಪೆಟ್ಟಿಗೆಯ ರಬ್ಬರಿನಲ್ಲಿ
ಉಜ್ಜಿದೆ, ಮೂಗುತಿಯ ಬಣ್ಣ ಬರುವವರೆಗೆ.
ಎದ್ದಿತು. ಇನ್ನೂರೈವತ್ತು ತಗೊಂಡು ಹೋದೆ.

ಎರಡನೇ ಸಲ ಎಸ್‌ಎಂಪಿಎಸ್.
ಅದರ ಹೊಟ್ಟೆಯೊಳಗೆ ಹಲ್ಲಿಯ ಮೊಟ್ಟೆ ಎರಡು,
ಒಂದು ಒಡೆದು ಅಂಟಿಕೊಂಡಿತ್ತು ಸುಟ್ಟ ತಂತಿಗೆ.
ಹೊಸತು ಹಾಕಿದೆ, ರಸೀದಿ ಬರೆದೆ.
ಇನ್ನೊಂದು ಮೊಟ್ಟೆಯನ್ನು ಕಿಟಕಿಯ ಸಂದಿಯಲ್ಲಿಟ್ಟೆ,
ಯಾಕೋ.

ಈ ಸಲ ಬೈಯಲು ಯಾರೂ ಉಳಿದಿಲ್ಲ.

ಎಲ್ಲ ಬಿಚ್ಚಿ ಹಳೆಯ ಪೇಪರಿನ ಮೇಲೆ ಹರವಿದೆ:
ಡಿಸ್ಕು, ಕೇಬಲ್ಲು, ಎಂಟಾಣೆಯಷ್ಟು ದೊಡ್ಡ ಬ್ಯಾಟರಿ.
ಒಂದೊಂದೇ ಸೇರಿಸಿ ಒಂದೊಂದು ಸಲ ಒತ್ತಿದೆ.
ಪ್ರತಿ ಸಲವೂ ಎದ್ದಿತು, ಪೂರ್ತಿ ಎದ್ದಿತು,
ಏನೂ ಆಗಿಲ್ಲದವರ ಹಾಗೆ.
ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.
ಚಾ ಆರಿತು. ನಾಲ್ಕರ ಬಸ್ಸು
ಹಾರ್ನ್ ಹೊಡೆದು ಹೋಯಿತು.

ಬಸ್ಸು ತಪ್ಪಿದ್ದೇ ಒಳ್ಳೆಯದಾಯಿತು.

ದೋಣಿಗಳು ಬಂದವು. ಗೋಡೆಯಾಚೆ ಜಟ್ಟಪ್ಪ
ಐಸ್ ಕ್ರಷರಿನ ಹಿಡಿ ಎಳೆದ.
ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು.
ನೀಲಿ. ಆಮೇಲೆ ಕಪ್ಪು.
ಕ್ಯಾಬಿನೆಟ್ಟಿನ ಮೇಲಿದ್ದ ನನ್ನ ಬೆರಳಿಗೆ
ಚಗಳಿ ಕಚ್ಚಿದ ಹಾಗೆ ಜುಮ್ ಅಂತು.

"ಅದು ಯಾವಾಗ್ಲೂ ಹಾಗೇ," ಅಂದಳು ನಾಗವೇಣಿ,
"ಅದ್ಕೇ ಅಲ್ವಾ ನಾನು ಚಪ್ಪಲಿ ಹಾಕ್ಕೊಂಡೇ ಕೂತ್ಕೊಳ್ಳೂದು."

ಮೂರು ಸಲ ಬಂದಿದ್ದೇನೆ.
ನಾನು ಹೊಸಿಲಾಚೆ ಬಿಟ್ಟು ಬರುತ್ತಿದ್ದೆ.
ಅವಳು ಯಾಕೆ ಬಿಡುವುದಿಲ್ಲ ಎಂದು
ಒಮ್ಮೆಯೂ ಕೇಳಲಿಲ್ಲ.

ತಂತಿ ಹಿಡಿದು ಹೊರಟೆ, ಮೀಟರ್ ಬೋರ್ಡಿನಿಂದ
ಗೋಡೆಯುದ್ದಕ್ಕೆ, ಕಟ್ಟಡದ ಹಿಂದಕ್ಕೆ,
ಹರಿದ ಬಲೆಗಳ ರಾಶಿಯ ಕೆಳಕ್ಕೆ.
ಅಲ್ಲಿ ಗುಂಡಿ. ಮೇ ತಿಂಗಳ ಬಿಸಿಲಿಗೆ ಒಣಗಿ
ಬಾಯಿ ಬಿಟ್ಟಿತ್ತು.
ತಂತಿಯ ತುದಿ ಹಸಿರು ಹಿಟ್ಟಾಗಿ ಉದುರಿತು ಕೈಗೆ.

"ಅರ್ಥ್ ಇಲ್ಲ," ಅಂದೆ.
"ಅರ್ಥ ಇಲ್ದೇನೇ ಇಷ್ಟು ವರ್ಷ ನಡೀತಲ್ಲ!" ಅಂದ ಜಟ್ಟಪ್ಪ.
ಆಮೇಲೆ ತಲೆ ಕೆರೆದುಕೊಂಡ:
"ವಾಚ್‌ಮನ್ ಬುದವಂತಣ್ಣ ಇದ್ದಾಗ
ಅಮಾಸೆಗೊಂದು ಕೊಡ ನೀರು ಹೊಯ್ತಿದ್ದ ಇಲ್ಲಿ.
ನಾವು ಚೌಡಿಗೆ ಅಂದ್ಕಂಡಿದ್ದೋ."

ಚಾ ಅಂಗಡಿಯಿಂದ ಇದ್ದಿಲು ಬಂತು.
ಮೀನು ಒಣಗಿಸುವವರ ಚೀಲದಿಂದ
ಸಾಣಿಕಟ್ಟೆಯ ಉಪ್ಪು, ಇನ್ನೂ ಮಣ್ಣುಬಣ್ಣದ ಹರಳು.
ಯಾವುದನ್ನು ಆ ದಿನ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಓಡಿಸಿದೆನೋ
ಅದನ್ನೇ ಎರಡೂ ಬೊಗಸೆಯಲ್ಲಿ ಮೊಗೆದು
ಸುರಿದೆ.
ಹೊಸ ತಂತಿ. ನೀರು. ಗುಂಡಿ ಗುಟುಕು ಗುಟುಕಾಗಿ ಕುಡಿಯಿತು,
ಇನ್ನೊಂದು ಕೊಡ ಕೇಳಿತು.

ಹಿಡಿ ಎಳೆ ಅಂದೆ.
ಕ್ರಷರ್ ಗುಡುಗಿತು, ಟ್ಯೂಬ್‌ಲೈಟು ಮಿಟುಕಿತು,
ಪರದೆಯ ಮೇಲೆ ನಲವತ್ತೇಳು ದೋಣಿ
ಕದಲದೆ ನಿಂತವು.

ರಸೀದಿ ಪುಸ್ತಕ ತೆಗೆದೆ.
ತಂತಿ ಆರು ಮೀಟರ್, ಬರೆದೆ.
ಮುಂದೆ ಏನು ಬರೆಯುವುದೆಂದು ತಿಳಿಯದೆ
ಕೇಳಿದೆ, "ಇನ್ನು ಗುಂಡಿಗೆ ನೀರು ಯಾರು?"
ಜಟ್ಟಪ್ಪ ನಾಗವೇಣಿಯನ್ನು ನೋಡಿದ,
ನಾಗವೇಣಿ ಗೋಡೆಯ ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆಯ ಕಪ್ಪು ಚುಕ್ಕೆ ಹುಡುಕಿ
ಪೆನ್ನಿನಲ್ಲಿ ಸುತ್ತು ಹಾಕಿದಳು.

ಚಪ್ಪಲಿ ಮಾತ್ರ ಬಿಡಲಿಲ್ಲ.
"ನೋಡ್ವಾ," ಅಂದಳು,
"ಒಂದು ವಾರ."